ಇಳಿಯೋ ತಿರುವು

ಹರಬಾಕೋವಾ ಊರಿನ ಬೈಕ್ ಸ್ಟ್ಯಾಂಡಿನಲ್ಲಿ ಬಾಡಿಗೆ ಓಡಿಸುವ ಹೆಂಗಸೆಂದರೆ ನೆರೈದಾ ಒಬ್ಬಳೇ. ಅವಳ ಬೈಕು ತೀರಿಹೋದ ಅಪ್ಪನದು. ಸಪಾಟು ರಸ್ತೆಯಲ್ಲಿ ಚಿನ್ನದಂಥ ಗಾಡಿ, ಏರು ಕಂಡರೆ ಮಾತ್ರ ಅದಕ್ಕೆ ದಮ್ಮು ಹತ್ತುತ್ತಿತ್ತು. ಗುಡ್ಡದ ಮೇಲಿನ ಲಾ ಕುಂಬ್ರೆ ಕೇರಿಗೆ ಹೋಗುವ ದಾರಿಯಲ್ಲಿ ಒಂದು ಕಡಿದಾದ ತಿರುವಿದೆ. ಹಿಂದೆ ಕೂತವರು ಅಲ್ಲಿ ಯಾರೂ ಹೇಳದೆಯೇ ಇಳಿಯಬೇಕು; ಗಾಡಿ ಮೇಲೆ ಹೋಗಿ ಕಾಯುತ್ತದೆ, ಇವರು ನಡೆದು ಬರಬೇಕು. ಅಜ್ಜನ ಕಾಲದಿಂದ ಬಂದ ಪದ್ಧತಿ. ಈಗ ಉಳಿದವರೆಲ್ಲ ಹೊಸ ಬೈಕು ತಂದು ಗಿರಾಕಿಯನ್ನು ಕೂರಿಸಿಕೊಂಡೇ ಹತ್ತುತ್ತಿದ್ದರು. ನೆರೈದಾಳ ಗಿರಾಕಿಗಳು ಮಾತ್ರ ಕಾಸೂ ಕೊಟ್ಟು ಕಾಲೂ ಸವೆಸುತ್ತಿದ್ದರು. ಕೊನೆಗೆ ಸ್ಟ್ಯಾಂಡಿನ ಯಜಮಾನ ದೋನ್ ಎಲೀಹಿಯೊ ಗುಡ್ಡದ ಸರದಿಯಿಂದ ಅವಳನ್ನು ಕೈಬಿಟ್ಟ. ಹೊಟ್ಟೆ ತುಂಬುವ ಬಾಡಿಗೆಯೆಲ್ಲ ಇದ್ದದ್ದೇ ಗುಡ್ಡದಲ್ಲಿ.

ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿ ಎಂದು ಬೈಕ್ ಅಂಗಡಿಯವನು ಕರೆಯುತ್ತಲೇ ಇದ್ದ. ಆದರೆ ಹಳೆಯದರ ಕಾಗದಪತ್ರ ತಾಯಿ ಕ್ರುಸಿತಾಳ ಹೆಸರಲ್ಲಿತ್ತು. ಆ ಮುದುಕಿ ಒಪ್ಪಬೇಕಲ್ಲ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ," ಎಂದಳು ಕ್ರುಸಿತಾ. "ಇಷ್ಟು ವರ್ಷ ಅನ್ನ ಹಾಕಿದ್ದು ಅದೇ ಗಾಡಿ ಕಣೇ."

"ಅದಕ್ಕೆ ಅದರ ಜೊತೆ ನಾನೂ ತುಕ್ಕು ಹಿಡೀಬೇಕಾ ಅಮ್ಮಾ? ಒಂದ್ಸಲ ಹೊಸದ್ರಲ್ಲಿ ಕೂತು ನೋಡು. ಗುಡ್ಡದ ಮೇಲೆ ಚಿಕ್ಕಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ. ಆಮೇಲೂ ಬೇಡ ಅಂದ್ರೆ ಬೇಡ."

ಭಾನುವಾರ ಅಂಗಡಿಯವನು ಓಡಿಸಿ ನೋಡಲು ಕೊಟ್ಟ ಕೆಂಪು ಬೈಕಿನಲ್ಲಿ ತಾಯಿ ಮಗಳು ಹೊರಟರು. ಕ್ರುಸಿತಾಳ ಮೈಯೇ ಒಂದು ಮೂಟೆ, ಸಾಲದ್ದಕ್ಕೆ ತೊಡೆಯ ಮೇಲೆ ತಂಗಿಗೆಂದು ಒಂದು ಬಾಳೆಗೊನೆ. ತಿರುವಿನಲ್ಲಿ ನೆರೈದಾ ಗೇರು ಬದಲಿಸಲು ಒಂದು ಗಳಿಗೆ ನಿಧಾನ ಮಾಡಿದಳು, ಮತ್ತೆ ಬಿಟ್ಟಳು ನೋಡಿ, ಗಾಡಿ ಜಿಂಕೆಯ ಹಾಗೆ ಏರಿತು. "ನೋಡಿದ್ಯಾ ಅಮ್ಮಾ? ಈಗೇನಂತೀಯ? ಈಗ ಬಾಯಿ ಬಿಡು ನೋಡೋಣ," ಎಂದು ದಾರಿಯುದ್ದಕ್ಕೂ ಛೇಡಿಸುತ್ತಲೇ ಬಂದಳು. ಅಮ್ಮ ತುಟಿ ಬಿಚ್ಚಲಿಲ್ಲ. ಸೋತು ಸುಮ್ಮನಾಗಿದ್ದಾಳೆ ಎಂದು ಇವಳಿಗೆ ಒಳಗೊಳಗೇ ಕುಣಿಯುವಷ್ಟು ಖುಷಿ.

ಮೇಲೆ ಚಿಕ್ಕಮ್ಮನ ಮನೆಯ ಪಕ್ಕದ ದಿನಸಿ ಅಂಗಡಿಯ ಜಗುಲಿಯಲ್ಲಿ ಗಂಡಸರು ದಾಮಿನೋ ಬಿಲ್ಲೆಯಾಟ ಆಡುತ್ತಿದ್ದರು. ಬಾಡಿಗೆಗೆ ಬಂದಿದ್ದ ಎಲೀಹಿಯೊ ಕೂಡ ಅಲ್ಲೇ ಇದ್ದ.

"ಯಾರ ಹತ್ರ ಮಾತಾಡ್ಕೊಂಡು ಬಂದೆ ತಾಯಿ? ದೆವ್ವಾನ ಕೂರಿಸ್ಕೊಂಡಿದ್ದೀಯಾ?" ಎಂದ ಅವನು.

ತಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ. ಗಾಡಿ ನಿಧಾನವಾದದ್ದೇ ತಡ, ಮುದುಕಿ ಹಳೇ ಅಭ್ಯಾಸದಂತೆ ಬಾಳೆಗೊನೆಯ ಸಮೇತ ತಿರುವಿನಲ್ಲಿ ಇಳಿದುಬಿಟ್ಟಿದ್ದಳು.

ಜಗುಲಿಯಲ್ಲಿ ನಗು ತಡೆಯಲಾಗಲಿಲ್ಲ. "ಹುಟ್ಟುಗುಣ ಸುಟ್ರೂ ಹೋಗಲ್ಲ," ಎಂದ ಒಬ್ಬ. "ಖಾಲಿ ಗಾಡಿ ಕತ್ತೇನೂ ಹತ್ತಿಸುತ್ತೆ ಬಿಡಮ್ಮ," ಎಂದ ಎಲೀಹಿಯೊ. ನೆರೈದಾಳ ಮುಖಕ್ಕೆ ರಕ್ತ ನುಗ್ಗಿತು. ಗಾಡಿ ತಿರುಗಿಸಿದಳು.

ಕ್ರುಸಿತಾ ತಿರುವಿನಲ್ಲೇ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದಳು. "ವಾಪಸ್ ಯಾಕೆ ಬಂದೆ? ಮೇಲೆ ಕಾಯ್ತಿರು, ಬರ್ತೀನಿ."

"ಹತ್ತು."

"ಇಲ್ಲಿ ಹತ್ತಿದ್ರೆ ಇಬ್ರೂ ಹಿಂದಕ್ಕೆ ಉರುಳ್ತೀವಿ ಹುಚ್ಚಿ. ಓಡಿ ಬಂದು ಏರೋದು ಬೇರೆ, ನಿಂತಲ್ಲಿಂದ ಏರೋದು ಬೇರೆ."

"ಅಮ್ಮಾ, ನೀನು ಹೀಗೆ ತೇಕ್ತಾ ಬರೋದನ್ನ ಮೇಲೆ ನಿಂತು ನೋಡಿ ನೋಡಿ ನಂಗೆ ನಾಚಿಕೆಯಾಗಿದೆ. ಹತ್ತು."

ಮುದುಕಿ ಮಗಳ ಮುಖವನ್ನೇ ನೋಡಿದಳು. ಆಮೇಲೆ ಕನ್ಯೆ ಮರಿಯಳನ್ನು ನೆನೆಯುತ್ತಾ ಹತ್ತಿ ಕೂತಳು. ನೆರೈದಾ ಹ್ಯಾಂಡಲ್ ಬಿಗಿಯಾಗಿ ಹಿಡಿದಳು. ನಿಂತಲ್ಲಿಂದ, ಅಷ್ಟು ಕಡಿದಾದ ಜಾಗದಿಂದ, ಇಬ್ಬರು ಹೆಂಗಸರು ಮತ್ತು ಒಂದು ಬಾಳೆಗೊನೆ. ಕ್ಲಚ್ಚು ಬಿಟ್ಟಳು. ಗಾಡಿ ಒಮ್ಮೆ ನಡುಗಿತು, ನೆಲ ಹಿಡಿಯಿತು, ಹೊರಟೇಬಿಟ್ಟಿತು. ಪ್ರಾರ್ಥನೆ ಅರ್ಧಕ್ಕೇ ನಿಂತು ಹಿಂದಿನಿಂದ ನಗು ಕೇಳಿಸಿತು. ಸ್ವಲ್ಪ ಹೊತ್ತಿಗೆಲ್ಲ ಕ್ರುಸಿತಾ ದಾರಿಯ ಮೇಲೆ ನಡೆಯುವವರಿಗೆಲ್ಲ ರಾಣಿಯ ಹಾಗೆ ಕೈಬೀಸತೊಡಗಿದ್ದಳು.

ಗಾಡಿಯ ಸದ್ದು ಕೇಳಿ ತಂಗಿ ತೊಮಾಸಿನಾ ಎಂದಿನಂತೆ ನೀರಿನ ಲೋಟ ಹಿಡಿದು ಓಡಿ ಬಂದಳು.

"ನೀರು ಯಾಕೆ?" ಎಂದಳು ಕ್ರುಸಿತಾ, ಜಗುಲಿಗೆ ಕೇಳುವಷ್ಟು ದೊಡ್ಡದಾಗಿ. "ನಾನೇನು ನಡೆದು ಬಂದ್ನಾ? ಕೂತ್ಕೊಂಡು ಬಂದೆ. ಕಾಫಿ ತಾ."

ಎಲೀಹಿಯೊ ಕೈಯಲ್ಲಿದ್ದ ದಾಮಿನೋ ಬಿಲ್ಲೆಯನ್ನು ಕೆಳಗಿಟ್ಟ. "ಆಯ್ತು. ನಾಳೆಯಿಂದ ಗುಡ್ಡದ ಸರದೀಲಿ ನೆರೈದಾನೂ ಇರ್ಲಿ. ನನ್ನ ಹಿಂದೆ."

"ನಿನ್ನ ಹಿಂದೆ ಯಾಕೆ? ಮುಂದೆ," ಎಂದಳು ಕ್ರುಸಿತಾ. ಅವನು ನಕ್ಕು ಕೈಮುಗಿದ.

ಕಾಫಿ ಬಂದರೂ ಅವಳು ಸೀಟಿನಿಂದ ಇಳಿಯಲಿಲ್ಲ. ಕುಡಿದು ಲೋಟ ಕೊಟ್ಟು, ಮಗಳ ಭುಜ ತಟ್ಟಿದಳು.

"ಹಳೇದನ್ನ ಕೊಟ್ಬಿಡೇ. ನಿಮ್ಮಪ್ಪ ಒಳ್ಳೇ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ಮದುವೆ ದಿನಾನೂ ನನ್ನನ್ನ ಆ ತಿರುವಲ್ಲಿ ಇಳಿಸ್ದ. ಬಿಳಿ ಗೌನು ಎತ್ಕೊಂಡು ಕೆಸರಲ್ಲಿ ನಡೆದು ಬಂದೆ, ಅವನು ಮೇಲೆ ಗಾಡಿ ಒರೆಸ್ತಾ ನಿಂತಿದ್ದ." ಅಂಗೈಯಿಂದಲೇ ಕಣ್ಣೊರೆಸಿಕೊಂಡು ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ಈಗ ಕೆಳಗೆ ಹೋಗು. ಇನ್ನೊಂದ್ಸಲ ಹತ್ಸು."