ನೈವೇದ್ಯದ ಒಂಬತ್ತು ಮೆಟ್ಟಿಲು

ಬೇಲೂರಿನ ಹಿಂದಿನ ಬೀದಿಯ ನರಸಿಂಹಸ್ವಾಮಿ ಗುಡಿಗೆ ದೊಡ್ಡ ದೇವಸ್ಥಾನದ ವೈಭವವಿರಲಿಲ್ಲ, ಆದರೆ ಮಡಿಯಲ್ಲಿ ಅದು ಯಾರಿಗೂ ಸೋಲುತ್ತಿರಲಿಲ್ಲ. ಅಡುಗೆಮನೆಯಲ್ಲಿ ಬೆಂದ ಪೊಂಗಲನ್ನು ಬಾಯಿಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊತ್ತು, ಪ್ರಾಕಾರ ಸುತ್ತಿ, ಒಂಬತ್ತು ಮೆಟ್ಟಿಲು ಹತ್ತಿ ದೇವರ ಮುಂದಿಡಬೇಕು. ದಾರಿಯಲ್ಲಿ ತಪ್ಪಲೆ ಕೆಳಗಿಳಿಸುವಂತಿಲ್ಲ. ಇಳಿಸಿದರೆ ಅದು ನೈವೇದ್ಯವಲ್ಲ, ಬರೀ ಅನ್ನ; ಮತ್ತೆ ಒಲೆ ಹಚ್ಚಬೇಕು.

ಬೇಯಿಸಿ ಹೊರುವ ಈ ಕೆಲಸ ವರದರಾಜನ ಮನೆತನದ್ದು. ಅವನಿಗೆ ನಲವತ್ತೊಂದು ವರ್ಷ. ತಂದೆ ಭಾಷ್ಯಂ ಅಯ್ಯಂಗಾರರಿಗೆ ಎಪ್ಪತ್ತನಾಲ್ಕು. ಇಬ್ಬರಿಗೂ ಉಬ್ಬಸ, ಇಬ್ಬರಿಗೂ ಅದೇ ಒಲೆಯ ಹೊಗೆಯ ಕೊಡುಗೆ. ಐವತ್ತೆಂಟನೇ ಇಸವಿಯಲ್ಲಿ ಬಸ್ಸು ಹತ್ತಿ ಅರಸೀಕೆರೆಯ ಡಾಕ್ಟರ ಬಳಿ ಹೋದಾಗ, ಅವರು ಇಬ್ಬರ ಎದೆಯನ್ನೂ ಪರೀಕ್ಷಿಸಿ, ಮುದುಕರದ್ದೇ ಹೆಚ್ಚು ಕೆಟ್ಟಿದೆ, ಇಬ್ಬರೂ ಹೊಗೆಯಿಂದ ದೂರವಿರಿ ಎಂದಿದ್ದರು. ಅಡುಗೆಯವನಿಗೆ ಹೇಳುವ ಮಾತೇ ಅದು!

ಹೆಚ್ಚು ಕೆಟ್ಟ ಎದೆಯ ಮುದುಕರೇ ಆರಾಮಾಗಿದ್ದರು, ಅದೇ ಸೋಜಿಗ. ಬೆಳಿಗ್ಗೆ ಜಗಲಿಗೆ ಬಂದು ಕೂತರೆ ಊಟದ ಹೊತ್ತಿಗೇ ಏಳುವುದು. ಮಾತಿನ ನಡುವೆ ನಿಂತು ಸುಧಾರಿಸಿಕೊಳ್ಳುವರು, ಕೇಳುವವರು ಕಾಯುವರು. ಹೇಗಿದ್ದೀರಿ ಎಂದರೆ ವಯಸ್ಸಾಯಿತಲ್ಲ ಎಂದು ನಗುವರು. ಅದೇ ಉಬ್ಬಸ ಮಗನಲ್ಲಿ ಕಂಡರೆ ಬೀದಿಯವರು ಕ್ಷಯವಿರಬಹುದೆಂದು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಹೆಂಡತಿ ವೇದವಲ್ಲಿ ನೀರು ಸೇದುವಾಗ ಅವನು ಕಂಬ ಹಿಡಿದು ನೋಡುತ್ತ ನಿಲ್ಲಬೇಕಿತ್ತು. ಮಗಳು ಎತ್ತಿಕೋ ಎಂದು ಬಂದರೆ ಕೈನೋವು ಎಂದು ಸುಳ್ಳು ಹೇಳುತ್ತಿದ್ದ. ಅವನಿಗೆ ಉಳಿದಿದ್ದ ಮಾನವೆಂದರೆ ಆ ತಪ್ಪಲೆಯೊಂದೇ.

ಧನುರ್ಮಾಸದ ಒಂದು ಬೆಳಿಗ್ಗೆ, ಐದನೇ ಮೆಟ್ಟಿಲಿನ ಮೇಲೆ, ಒದ್ದೆಯಾದ ಬಾಯಿಬಟ್ಟೆ ಮೂಗಿಗೆ ಅಂಟಿಕೊಂಡಿತು. ಕಣ್ಣು ಕತ್ತಲಿಟ್ಟಿತು. ವರದರಾಜ ತಪ್ಪಲೆ ಇಳಿಸಿಬಿಟ್ಟ. ಬಟ್ಟೆ ಸರಿಸಿ ನಾಲ್ಕು ಸಲ ಉಸಿರೆಳೆದುಕೊಂಡು ಸುತ್ತ ನೋಡಿದ. ಯಾರೂ ಇರಲಿಲ್ಲ. ಮತ್ತೆ ಹೊತ್ತುಕೊಂಡು ಹೋಗಿ ದೇವರ ಮುಂದಿಟ್ಟ.

ಮನೆಗೆ ಬಂದವನೇ ತಂದೆಯ ಕಾಲ ಬಳಿ ಕೂತು ಎಲ್ಲ ಹೇಳಿಕೊಂಡ. ಬಯ್ಗುಳಕ್ಕೆ ಸಿದ್ಧನಾಗಿದ್ದ. ಅವರು ಬಯ್ಯಲಿಲ್ಲ.

"ನಾನೂ ಒಂದ್ಸಲ ಇಳಿಸಿದ್ದೆ ಕಣೋ," ಅಂದರು. "ಮಾರನೇ ದಿನವೇ ಹೋಗಿ, ಇನ್ನು ನನ್ನ ಕೈಲಾಗಲ್ಲ ಅಂತ ಹೇಳಿಬಿಟ್ಟೆ. ಶಾಲು ಹೊದಿಸಿ ಕಳಿಸಿದ್ರು. ನೀನೂ ಹೇಳಿಬಿಡು. ನೆಮ್ಮದಿಯಾಗಿರ್ತೀಯ."

ಅದರಲ್ಲಿ ಸುಳ್ಳಿರಲಿಲ್ಲ, ಅವರಿಗೆ ಹಾಗೇ ಆಗಿತ್ತು. ಆಗ ತಮಗೆ ಅರವತ್ತೆಂಟಾಗಿತ್ತು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಸುಖವಾಗಿರುವವರು ತಮ್ಮ ಮದ್ದೇ ಎಲ್ಲರಿಗೂ ಆದೀತೆಂದು ನಂಬುತ್ತಾರೆ, ಪಾಪ.

ಮಾರನೇ ದಿನ ವರದರಾಜ ಗುಡಿಯ ಆಡಳಿತ ನೋಡಿಕೊಳ್ಳುವ ಪಾರುಪತ್ತೇಗಾರ ವೆಂಕಟರಾಮಯ್ಯನವರ ಮುಂದೆ ನಿಂತು, ಇನ್ನು ಹೊರಲಾರೆ ಎಂದ. ಅವರು ಕೆಟ್ಟವರಲ್ಲ. ಆದರೂ ಅವರ ಬಾಯಿಂದ ಬಂದದ್ದು ಹೀಗೆ:

"ಈ ವಯಸ್ಸಿಗೇ ಸಾಕಾಯ್ತೇನಪ್ಪ? ನಿಮ್ಮ ತಂದೆ ಅರವತ್ತೆಂಟರವರೆಗೂ ಹೊತ್ತರು. ಒಂದು ದಿನವೂ ದಾರೀಲಿ ನಿಂತವರಲ್ಲ."

ನಿಂತಿದ್ದರು ಎಂಬ ಮಾತು ನಾಲಿಗೆ ತುದಿಗೆ ಬಂತು. ವರದರಾಜ ಅದನ್ನು ನುಂಗಿಕೊಂಡು, ಅಡುಗೆಮನೆಯ ಬೀಗದ ಕೈ ಒಪ್ಪಿಸಿ ಹೊರಬಂದ. ಶಾಲಿನ ನೆನಪು ಯಾರಿಗೂ ಆಗಲಿಲ್ಲ.

ಜಗಲಿಯಲ್ಲಿ ತಂದೆ ಕಾಯುತ್ತಿದ್ದರು. ಏನಂದರು ಎಂದು ಆಸೆಯಿಂದ ಕೇಳಿದರು.

"ನಿಮ್ಮನ್ನ ಹೊಗಳಿದ್ರು, ಅಪ್ಪ," ಅಂದ ವರದರಾಜ.

ಭಾಷ್ಯಂ ಅಯ್ಯಂಗಾರರು ಮಗನ ಮುಖ ನೋಡಿದರು. ಅವನ ಜುಟ್ಟಿನಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ತಮ್ಮ ಉಬ್ಬಸಕ್ಕೆ ಒಂದು ದಿನವೂ ಅಳದವರು ಅವತ್ತು ಮಗನ ಕೈ ಹಿಡಿದುಕೊಂಡು ಅತ್ತರು.