ಕಂಕುಳಲ್ಲಿ ಅರ್ಧ ಇಂಚು

ಬೆಳಿಗ್ಗೆಯಿಂದ ಟೈಲರ್ ಮಾಸ್ಟರ್ ಯಾರ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ. ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಇವತ್ತು ಕೇಕು, ಕಾಗದದ ಲೋಟಗಳು. ಹನ್ನೊಂದು ವರ್ಷದ ಕೆಳಗೆ ಬರೀ ಗುಂಡಿ ಹೊಲಿಯೋಕೆ ಬಂದು, 'ಗುಂಡಿ' ಅನ್ನೋ ಹೆಸರನ್ನೇ ಅಂಟಿಸಿಕೊಂಡವಳು ನಾಳೆ ಎರಡು ಬೀದಿ ಆಚೆ ಸ್ವಂತ ಅಂಗಡಿ ತೆರೀತಾಳೆ. ಬೀಳ್ಕೊಡುಗೆ ಜೋರಾಗಿರಲಿ ಅಂದವರೂ ಮಾಸ್ಟರೇ. ಅಬ್ಬಾ, ಏನು ದೊಡ್ಡತನ!

ನಡೆದದ್ದು ಇಷ್ಟೇ. ಹೋದ ವಾರ ಅವಳಿಗೆ ಉಡುಗೊರೆ ಅಂತ ಶರ್ಟಿನ ರಟ್ಟಿನ ಅಚ್ಚುಗಳನ್ನು ತಾವೇ ಮಾಡಿಕೊಟ್ಟಿದ್ದರು. ಬಟ್ಟೆ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿದರಾಯ್ತು. ಆದರೆ ಒಂದೊಂದರಲ್ಲೂ ಕಂಕುಳನ್ನು ಬೇಕಂತಲೇ ಅರ್ಧ ಇಂಚು ಬಿಗಿ ಮಾಡಿದ್ದರು. ತೊಟ್ಟವರು ಕೈ ಎತ್ತಿದರೆ ಹಿಡೀಬೇಕು, ಅವಳನ್ನು ಬೈಕೊಂಡು ವಾಪಸ್ ಇಲ್ಲಿಗೇ ಬರಬೇಕು. ಅರ್ಧ ಗಿರಾಕಿಗಳು ಅವಳ ಹಿಂದೆ ಹೋಗಿಬಿಡ್ತಾರೆ ಅನ್ನೋ ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ. ಕೊಟ್ಟ ದಿನದಿಂದ ಮಾತ್ರ ಮಾಡಿದ್ದು ತಪ್ಪು ಅಂತ ಅವರ ಮನಸ್ಸು ಚುಚ್ಚುತ್ತಲೇ ಇತ್ತು.

"ಅದೇನ್ರೀ, ಹೆತ್ತ ಮಗಳನ್ನ ಕಳಿಸೋರ ಹಾಗೆ ಮುಖ ಸಪ್ಪಗೆ ಮಾಡ್ಕೊಂಡಿದೀರ?" ಅಂತ ಹೆಂಡತಿ ಬೇರೆ ರೇಗಿಸಿದಳು. ಮಾಸ್ಟರಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಇವತ್ತು ತಾವು ಬಾಯಿ ಬಿಡದಿದ್ದರೆ ನಾಳೆ ಅವಳು ಕತ್ತರಿಸೋ ಮೊದಲ ಬಟ್ಟೆಯೇ ಹಾಳು.

ಕೇಕು ಹಂಚಿದ ಮೇಲೆ ಅವಳನ್ನು ಇಸ್ತ್ರಿ ಮೇಜಿನ ಪಕ್ಕಕ್ಕೆ ಕರೆದರು. "ಗುಂಡಿ, ಆ ಅಚ್ಚುಗಳು ಇದಾವಲ್ಲ..."

"ಶ್! ಮೆಲ್ಲಗೆ ಮಾಸ್ಟರ್." ಅವಳು ಸುತ್ತ ಒಂದು ಸಲ ನೋಡಿದಳು. "ಕೊಟ್ಟ ದಿನವೇ ಅಳೆದು ನೋಡಿದೆ. ಕಂಕುಳಲ್ಲಿ ಎಲ್ಲಾ ಅರ್ಧ ಇಂಚು ಕಮ್ಮಿ. ಸರಿ ಮಾಡ್ಕೊಂಡಿದೀನಿ, ಯಾರಿಗೂ ಹೇಳಿಲ್ಲ. ನಿಮ್ಮ ಹತ್ರ ಹೇಗಪ್ಪಾ ಹೇಳೋದು ಅಂತ ವಾರದಿಂದ ಒದ್ದಾಡ್ತಿದೀನಿ."

ಮಾಸ್ಟರ್ ಇಸ್ತ್ರಿ ಪೆಟ್ಟಿಗೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು.

"ಕಣ್ಣು ಕೈ ಕೊಡ್ತಿದೆ ಮಾಸ್ಟರ್ ನಿಮಗೆ," ಅಂದಳು. ಅವಳ ಕಣ್ಣೇ ತುಂಬಿಬಂದಿತ್ತು. "ಗುರುವಾರ ಕಣ್ಣಿನ ಡಾಕ್ಟರ ಹತ್ರ ನಿಮ್ಮ ಹೆಸರು ಬರೆಸಿದೀನಿ, ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಕತ್ತರಿಸೋದು ಏನಿದ್ರೂ ನನಗೆ ಕಳಿಸಿ, ಸುಮ್ನೆ ಮಾಡಿಕೊಡ್ತೀನಿ. ಇಷ್ಟು ವರ್ಷ ಗಳಿಸಿದ ಹೆಸರು ನಿಮ್ಮದು, ಕೆಡಬಾರದು."

ಕಣ್ಣು ನೆಟ್ಟಗಿದೆ ತಾಯಿ, ಕೆಟ್ಟಿದ್ದು ಬುದ್ಧಿ. ಇಷ್ಟೇ ಇಷ್ಟು ಮಾತು, ನಾಲಿಗೆ ತುದಿಗೆ ಬಂದು ನಿಂತಿತ್ತು.

"ಗುರುವಾರ ಎಷ್ಟು ಗಂಟೆಗಮ್ಮ?" ಅಂದರು ಮಾಸ್ಟರ್.