ನೂರ ಹನ್ನೆರಡು ಹೆಸರು

ಆಕಡಖೇಡಾದ ಶಾಲೆಗೆ ಲಾದೂರಾಮ ಒಬ್ಬನೇ ಮೇಷ್ಟ್ರು. ಊರಿನವರೆಲ್ಲ ಅವನನ್ನು ಮಾಡ್‌ಸಾಬ್ ಅನ್ನುತ್ತಿದ್ದರು. ಬಟ್ಟೆಗೆ ಅಚ್ಚು ಒತ್ತುವ ಛೀಪಾ ಮನೆತನದವನು ಅವನು. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ನೀಲಿಯ ತೊಟ್ಟಿಯಲ್ಲಿ ಕೈಯದ್ದಿ, ಮರದ ಅಚ್ಚು ಒತ್ತಿ, ಮಗನನ್ನು ಉದಯಪುರದ ತನಕ ಓದಿಸಿದ್ದಳು. ಓದಿ ಬಂದವನಿಗೆ ಪತ್ರಿಕೆಯ ಹುಚ್ಚು. ವಾರಕ್ಕೆರಡು ಸಲ ಟಪಾಲಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಹರಟೆಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ದಿಲ್ಲಿಯಲ್ಲಿ ಸಂವಿಧಾನ ಬರೆಯುತ್ತಿದ್ದ ಕಾಲ ಅದು. ಸಭೆಯಲ್ಲಿ ಯಾರು ಏನು ವಾದ ಮಾಡಿದರು, ಯಾವ ಮಾತನ್ನು ಸೇರಿಸಿದರು, ಯಾವುದನ್ನು ತೆಗೆದರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಇಷ್ಟು ದಿನ ಅಧಿಕಾರ ಊರ ಒಡೆಯ ಠಾಕೂರರ ಹವೇಲಿಯಿಂದ ಕೆಳಕ್ಕೆ ಇಳಿಯುತ್ತಿತ್ತು, ಇನ್ನು ಮೇಲೆ ಅದು ನಮ್ಮಿಂದ ಮೇಲಕ್ಕೆ ಹತ್ತುತ್ತದೆ, ಕಾನೂನು ಮಾಡುವವನು ಬೇರೆ, ನಡೆಸುವವನು ಬೇರೆ, ತಪ್ಪಿದರೆ ಕೇಳುವವನು ಬೇರೆ ಎಂದು ರೈತರಿಗೂ ಕುಂಬಾರರಿಗೂ ಬಿಡಿಸಿ ಹೇಳುತ್ತಿದ್ದ.

ಮನೆಯಲ್ಲಿ ಅವ್ವನಿಗೂ ಹೇಳಿದ್ದ. ಅವಳು ಅಚ್ಚು ಒತ್ತುವುದನ್ನು ನಿಲ್ಲಿಸಿ ಕೇಳಿದ್ದಳು, "ಹವೇಲಿಯ ಠಾಕುರಾಣಿಗೆ ಎಷ್ಟು ಓಟು?"

"ಒಂದು."

"ನನಗೆ?"

"ನಿನಗೂ ಒಂದೇ."

"ಅರ್ಧ ಅಲ್ವಲ್ಲ? ಸರಿಯಾಗಿ ಓದಿದ್ದೀಯಾ?"

ಅವನು ನಕ್ಕು, ಸರಿಯಾಗಿಯೇ ಓದಿದ್ದೇನೆ ಎಂದಿದ್ದ. ಅವಳು ಮತ್ತೆ ಅಚ್ಚು ಒತ್ತತೊಡಗಿದಳು. ಆದರೆ ಮರುದಿನವೇ ಬಾವಿಕಟ್ಟೆಯ ಹೆಂಗಸರಿಗೆಲ್ಲ ಆ ಸುದ್ದಿ ಮುಟ್ಟಿತ್ತು.

ಮತದಾರರ ಪಟ್ಟಿ ಮಾಡುವ ಕೆಲಸ ಬಂದಾಗ ಅದು ಲಾದೂರಾಮನ ಪಾಲಿಗೇ ಬಿತ್ತು. ಅವನು ಉಬ್ಬಿಹೋದ. ಹೊಸ ರಾಜ್ಯಕ್ಕೆ ಯಜಮಾನರು ಯಾರೆಂದು ಬರೆಯುವ ಕೆಲಸ, ಸಣ್ಣದೇನೂ ಅಲ್ಲ. ಗಂಡಸರ ಹೆಸರು ಸಲೀಸಾಗಿ ಬಂತು. ಹೆಂಗಸರ ಸರದಿ ಬಂದಾಗ ಕಟ್ಟೆಯ ಮೇಲಿನ ಗಂಡಸರಲ್ಲಿ ಕೆಲವರಷ್ಟೇ ಹೆಸರು ಹೇಳಿದರು; ಮಿಕ್ಕವರು, "ಕಜೋಡನ ಹೆಂಡತಿ ಅಂತ ಬರ್ಕೊಳಿ, ನಂದಾನ ತಾಯಿ ಅಂತ ಬರ್ಕೊಳಿ," ಎಂದರು. ಅವನು ಹಾಗೆಯೇ ಬರೆದುಕೊಂಡ. ಹೆಂಗಸರು ಯಾರೂ ಅಲ್ಲಿರಲಿಲ್ಲ. ಸೆರಗು ಮುಚ್ಚಿಕೊಂಡು ಬಾಗಿಲ ಹಿಂದೆ ನಿಲ್ಲುವವರನ್ನು ಹೋಗಿ ಕೇಳುವುದು ಯಾರು ಎಂದು ಅವನೂ ಸುಮ್ಮನಾದ.

ವರ್ಷ ಕಳೆದು ಪಟ್ಟಿ ತಹಸೀಲು ಕಚೇರಿಯಿಂದ ವಾಪಸು ಬಂತು. ಇಂಥವನ ಹೆಂಡತಿ, ಇಂಥವನ ತಾಯಿ ಎಂದರೆ ನಡೆಯುವುದಿಲ್ಲ, ಸಂವಿಧಾನ ಓಟು ಕೊಟ್ಟಿರುವುದು ಒಬ್ಬೊಬ್ಬ ವ್ಯಕ್ತಿಗೆ, ಆ ವ್ಯಕ್ತಿಗೆ ತನ್ನದೇ ಹೆಸರಿರಬೇಕು, ಇಲ್ಲದಿದ್ದರೆ ಹೊಡೆದುಹಾಕಲಾಗುವುದು ಎಂದು ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಅಂಥ ಸಾಲುಗಳು ನೂರ ಹನ್ನೆರಡು. ಮನೆಮನೆಗೆ ಹೋಗಿ ಕೇಳಿ ಸರಿಪಡಿಸಲು ಒಂದು ತಿಂಗಳ ಗಡುವು.

ಲಾದೂರಾಮ ಹೊರಟ. ಮೊದಲ ಎರಡು ಮನೆಗಳಲ್ಲಿ ಯಾರೂ ಇರಲಿಲ್ಲ. ಮೂರನೆಯ ಮನೆ ಕಲ್ಯಾಣಸಿಂಗನದು. ಅವನು ಹವೇಲಿಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು, ನಾಲಿಗೆ ಬಲು ಚುರುಕು. ಜಗಲಿಯ ತುಂಬ ಜನ ಕೂತಿದ್ದರು.

"ಏನು ಮಾಡ್‌ಸಾಬ್, ಹುಡುಗರ ಹಾಜರಿ ಕೂಗಿ ಕೂಗಿ ಬೇಜಾರಾಗಿ ಈಗ ನಮ್ಮ ಹೆಂಗಸರ ಹಾಜರಿ ಕೂಗೋಕೆ ಬಂದ್ರಾ?" ಎಂದ.

ಜಗಲಿಯೆಲ್ಲ ನಕ್ಕಿತು. ಅಷ್ಟೇ ನಡೆದದ್ದು. ಯಾರೂ ಬೆದರಿಸಲಿಲ್ಲ, ಕೈ ಎತ್ತಲಿಲ್ಲ. ನಾಲ್ಕು ಜನ ನಕ್ಕದ್ದಕ್ಕೆ ಲಾದೂರಾಮನ ಕಿವಿ ಕಾದವು, ಅವನು ಹಿಂತಿರುಗಿ ಶಾಲೆಗೆ ಬಂದುಬಿಟ್ಟ. ನಾಳೆ ಹೋದರಾಯಿತು ಎಂದುಕೊಂಡ. ಬಿಸಿಲು ಇಳಿಯಲಿ ಎಂದುಕೊಂಡ. ಗಡುವಿಗೆ ಮೂರು ದಿನ ಉಳಿದಾಗ ಶಾಲೆಯಲ್ಲಿ ಒಬ್ಬನೇ ಕೂತು ಒಳ್ಳೆಯ ಅಕ್ಷರದಲ್ಲಿ ವರದಿ ಬರೆದ: "ಮನೆಮನೆಗೆ ಖುದ್ದಾಗಿ ಹೋಗಿ ವಿಚಾರಿಸಲಾಗಿ, ಕೆಳಕಂಡ ಸ್ತ್ರೀಯರು ತಮ್ಮ ಹೆಸರು ಹೇಳಲು ನಿರಾಕರಿಸಿರುತ್ತಾರೆ."

ಆ ನೂರ ಹನ್ನೆರಡರಲ್ಲಿ ಎಂಬತ್ತನಾಲ್ಕನೆಯ ಸಾಲು "ಲಾದೂರಾಮನ ತಾಯಿ" ಎಂದಿತ್ತು. ಅಲ್ಲಿ ಬಂದಾಗ ಅವನ ಲೇಖನಿ ನಿಂತಿತು. ಹತ್ತು ಹೆಜ್ಜೆ ನಡೆದು ಮನೆಗೆ ಹೋಗಿ ಕೇಳಿದ್ದರೆ ಆಗುತ್ತಿತ್ತು. ಆದರೆ ತನ್ನ ತಾಯಿಯ ಹೆಸರು ಒಂದೇ ಉಳಿದು ಮಿಕ್ಕವು ಹೋದರೆ, ಇದೊಂದು ಹೇಗೆ ಸಿಕ್ಕಿತು ಎಂದು ಮೇಲಿನವರು ಕೇಳಬಹುದು. ಅವನು ಎಂಬತ್ತನಾಲ್ಕನೆಯ ಸಾಲನ್ನೂ ನಿರಾಕರಿಸಿದವರಲ್ಲೇ ಸೇರಿಸಿದ. ಸಹಿ ಹಾಕಿದ.

ಚುನಾವಣೆ ಬಂದದ್ದು ಜನವರಿಯ ಕೊರೆಯುವ ಚಳಿಯಲ್ಲಿ. ಶಾಲೆಯೇ ಮತಗಟ್ಟೆ. ಅಧಿಕಾರಿಯಾಗಿ ಅಜ್ಮೇರದ ಕಡೆಯಿಂದ ಮಾಥುರ್ ಎಂಬ ವಯಸ್ಸಾದ ಸಾಹೇಬರು ಬಂದರು. ಊರಿನವರ ಗುರುತು ಹೇಳಲು ಲಾದೂರಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗೋಡೆಯುದ್ದಕ್ಕೂ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದರಂತೆ ಚಿಹ್ನೆ ಅಂಟಿಸಿದ ಉಕ್ಕಿನ ಪೆಟ್ಟಿಗೆಗಳು ನಿಂತವು. ಬೆಳಿಗ್ಗೆ ಗಂಡಸರು ಬಂದು ಹಾಕಿ ಹೋದರು. ಬಿಸಿಲೇರಿದ ಮೇಲೆ ಬೀದಿಯ ತಿರುವಿನಿಂದ ಹಾಡು ಕೇಳಿಸಿತು.

ಹೆಂಗಸರು ಬರುತ್ತಿದ್ದರು. ಮದುವೆಗೆ ಉಡುವ ಕೆಂಪು ಹಳದಿ ಓಢಣಿ ಹೊದ್ದು, ಹಣೆಗೆ ಬೋರಲಾ ಒಡವೆ ಕಟ್ಟಿ, ನಲವತ್ತು ಐವತ್ತು ಮಂದಿ. ಮುಂದೆ ಅವನ ಅವ್ವ. ಅವರನ್ನೆಲ್ಲ ಮನೆಯಿಂದ ಹೊರಡಿಸಿದವಳು ಅವಳೇ ಎಂದು ಲಾದೂರಾಮನಿಗೆ ಗೊತ್ತಿತ್ತು. ವಾರದಿಂದ ಅವಳು ಒಂದೊಂದು ಬಾಗಿಲಿಗೂ ಹೋಗಿ, ಠಾಕುರಾಣಿಗೂ ಒಂದೇ ನಿನಗೂ ಒಂದೇ ಎಂದು ಹೇಳಿ ಬಂದಿದ್ದಳು. ಅವನಿಗೆ ಅದು ಕಾಣುತ್ತಿತ್ತು. ತಡೆಯುವುದಕ್ಕೆ ಬಾಯಿ ಬಂದಿರಲಿಲ್ಲ. ಏನಾದರೂ ಆಗಿ ಅವರು ಬರದಿದ್ದರೆ ಸಾಕೆಂದು ಕಾದಿದ್ದ.

ಅವ್ವ ಮೇಜಿನ ಮುಂದೆ ನಿಂತಳು. ಮಾಥುರ್ ಸಾಹೇಬರು ಹಾಳೆ ತಿರುವಿದರು, ಮತ್ತೆ ತಿರುವಿದರು. ಲಾದೂರಾಮನ ಕಡೆ ನೋಡಿ ಯಾರಿವರು ಎಂದರು. ನನ್ನ ತಾಯಿ ಎಂದ. ಇಲ್ಲವಲ್ಲ ಎಂದು ಸಾಹೇಬರು ಕಾಗದಗಳ ಕಟ್ಟು ಬಿಚ್ಚಿದರು. ಇಂಥ ತಕರಾರು ಬರಬಹುದೆಂದು ತಹಸೀಲಿನವರು ಹಳೆಯ ವರದಿಯ ಪ್ರತಿಯನ್ನೂ ಅದರಲ್ಲೇ ಇಟ್ಟು ಕಳಿಸಿದ್ದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಮಾಂಜೀ, ನೀವು ಹೆಸರು ಹೇಳೋಕೆ ಒಪ್ಪಲಿಲ್ಲ ಅಂತ ಇಲ್ಲಿ ಬರೆದಿದೆ. ಮನೆಗೆ ಬಂದು ಕೇಳಿದಾಗ ನೀವು ನಿರಾಕರಿಸಿದ್ರಿ. ಹಾಗಾಗಿ ಹೊಡೆದುಹಾಕಿದ್ದಾರೆ. ನಿಮ್ಮ ಹಿಂದೆ ನಿಂತಿರೋರೂ ಬಹುಪಾಲು ಇದೇ ವರದೀಲಿರೋ ಹಾಗಿದೆ."

"ಯಾರು ಬಂದು ಕೇಳಿದ್ರು, ಸಾಬ್?"

ಸಾಹೇಬರು ಸಹಿ ಹುಡುಕುತ್ತ ಹಾಳೆಯ ಬುಡಕ್ಕೆ ಬೆರಳಿಟ್ಟರು. ಅವ್ವನಿಗೆ ಓದು ಬಾರದು. ಆದರೆ ಸೆರಗಿನ ಒಳಗಿಂದಲೇ ಅವಳು ಮಗನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. ಮೇಜಿನ ಅಂಚಿನಲ್ಲಿ ಅವಳ ಎರಡು ಕೈಗಳು ಮಾತ್ರ ಕಂಡವು, ಉಗುರಿನ ಸುತ್ತ ನೀಲಿ ಕೂತ ಕೈಗಳು. ಈಗ ಹೇಳಬೇಕು ಎಂದುಕೊಂಡ. ಇವರು ನಿರಾಕರಿಸಲಿಲ್ಲ, ನಾನು ಕೇಳಲೇ ಇಲ್ಲ. ಎರಡು ಮಾತು. ಅವು ಹಲ್ಲಿನ ತನಕ ಬಂದು ನಿಂತವು.

ಅಷ್ಟರಲ್ಲಿ ಅವ್ವ ಹೇಳಿದಳು, "ಹೌದು ಸಾಬ್. ನೆನಪಾಯ್ತು. ನಾನೇ ಹೇಳಲಿಲ್ಲ. ಹಳೇ ಕಾಲದವಳು, ನಾಚಿಕೆ ಆಯ್ತು."

ಸಾಹೇಬರು ಕರುಣೆಯಿಂದಲೇ, ಮುಂದಿನ ಸಲ ಹೀಗೆ ಮಾಡಬೇಡಿ ಎಂದರು. ಹೆಂಗಸರ ಸಾಲು ಅಲ್ಲಾಡಿತು. ತನಗೆ ನೆನಪೇ ಇಲ್ಲವಲ್ಲ ಎಂದು ಒಬ್ಬಳು ಪಿಸುಗುಟ್ಟಿದಳು, ನಾವೇ ಏನೋ ತಪ್ಪು ಮಾಡಿರಬೇಕು ಎಂದು ಇನ್ನೊಬ್ಬಳು. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಹತ್ತೊಂಬತ್ತು ಮಂದಿ ಓಟು ಹಾಕಿದರು. ಮಿಕ್ಕವರು ಓಢಣಿ ಸರಿಪಡಿಸಿಕೊಂಡು ಬಂದ ದಾರಿಯಲ್ಲೇ ತಿರುಗಿದರು. ಕಜೋಡನ ಹೆಂಡತಿ ಸೋಸರ, ಶಾಲೆಯ ಬಾಗಿಲಲ್ಲೇ ಅವ್ವನಿಗೆ, "ಕಾಕಿ, ಸ್ವಂತ ಹೆಸರು ಹೇಳೋ ಧೈರ್ಯ ಇಲ್ದೋಳು ನಮ್ಮನ್ಯಾಕೆ ಸಿಂಗಾರ ಮಾಡಿಸಿ ಮೆರವಣಿಗೆ ಹೊರಡಿಸಿದೆ?" ಎಂದಳು. ಅವ್ವ ಓಢಣಿ ಎಳೆದುಕೊಂಡು ಬೀದಿಗಿಳಿದಳು. ಲಾದೂರಾಮ ಅದನ್ನೂ ಕೇಳಿಸಿಕೊಂಡು, ಮುಂದಿನ ಗಂಡಸಿನ ಗುರುತು ಹೇಳಿದ.

ಪೆಟ್ಟಿಗೆಗಳಿಗೆ ಅರಗು ಹಾಕಿ ಲಾರಿಗೆ ಏರಿಸಿ ಅವನು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವ್ವ ಸಜ್ಜೆಯ ರೊಟ್ಟಿ ತಟ್ಟಿ ಬೇಯಿಸುತ್ತಿದ್ದಳು. ಮದುವೆಯ ಓಢಣಿ ಮಡಿಚಿ ಪೆಟ್ಟಿಗೆ ಸೇರಿತ್ತು. ಅವನು ಹೊಸ್ತಿಲಲ್ಲೇ ನಿಂತು, ಯಾಕೆ ಹಾಗೆ ಹೇಳಿದೆ, ನೌಕರಿ ಹೋಗುತ್ತದೆ ಎಂದಾ ಎಂದು ಕೇಳಿದ.

"ನೌಕರಿ ಅಲ್ಲ ಕಣೋ. ನನ್ನ ಮಗ ಸುಳ್ಳು ಬರೀತಾನೆ ಅಂತ ಅಷ್ಟು ಜನರ ಮುಂದೆ ಹೇಳೋಕೆ ನನಗೇ ನಾಚಿಕೆ ಆಯ್ತು." ಹಿಟ್ಟಿಗೆ ನೀರು ಚಿಮುಕಿಸಿದಳು. "ನನ್ನ ಹೆಸರು ಗೊತ್ತಾ ನಿನಗೆ?"

ಅವನಿಗೆ ಗೊತ್ತಿರಲಿಲ್ಲ. ಅಪ್ಪ ಅವಳನ್ನು 'ಕೇಳಿಸ್ತಾ' ಎಂದು ಕರೆಯುತ್ತಿದ್ದ, ಊರು ಲಾದೂನ ತಾಯಿ ಎನ್ನುತ್ತಿತ್ತು. ಇಪ್ಪತ್ತಾರು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದ. ಸಂವಿಧಾನ ಸಭೆಯ ಸದಸ್ಯರ ಹೆಸರು ಅವನಿಗೆ ಬಾಯಿಪಾಠವಿತ್ತು.

"ಝಮಕೂ," ಎಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. "ಕೇಳಿದ್ರೆ ಹೇಳ್ತಿದ್ದೆ. ಕೂತ್ಕೋ, ರೊಟ್ಟಿ ತಣ್ಣಗಾಗುತ್ತೆ."

ಅವನು ಬೈಸಿಕೊಳ್ಳಲು ತಯಾರಾಗಿದ್ದ, ರೊಟ್ಟಿಗೆ ತಯಾರಿರಲಿಲ್ಲ. ಕೂತು ತಿಂದ.

ಎರಡು ದಿನವಾದ ಮೇಲೆ ತಪ್ಪೊಪ್ಪಿಗೆ ಬರೆದುಕೊಂಡು ತಹಸೀಲಿಗೆ ನಡೆದ. ಶಿಕ್ಷೆಯಾದರೆ ಎದೆ ಹಗುರಾಗುತ್ತದೆ ಎಂಬ ಆಸೆ ಒಳಗಿತ್ತು. ತಹಸೀಲುದಾರರು ಓದಿ ಕಾಗದವನ್ನು ಅವನ ಕಡೆಗೇ ತಳ್ಳಿದರು. ಯಾರೂ ದೂರು ಕೊಟ್ಟಿಲ್ಲ, ಚುನಾವಣೆ ಶಾಂತವಾಗಿ ನಡೆದಿದೆ, ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ನಿಜಕ್ಕೂ ಹೆಸರು ಹೇಳಿಲ್ಲ, ನಿಮ್ಮದೂ ಅದರಲ್ಲಿ ಒಂದು, ಹೋಗಿ ಪಾಠ ಮಾಡಿ ಎಂದರು. ಅವನು ಬೇಡುವವನ ಹಾಗೆ ನಿಂತೇ ಇದ್ದ. ಅವರು ಮುಂದಿನವನನ್ನು ಕರೆದರು.

ಭಾನುವಾರ ಕಟ್ಟೆಯ ಮೇಲೆ ಪತ್ರಿಕೆ ಓದುವ ಹೊತ್ತಿಗೆ ಅವನು ಪತ್ರಿಕೆ ಬಿಚ್ಚದೆ ಆದದ್ದನ್ನೆಲ್ಲ ಹೇಳಿದ. ತನ್ನ ತಾಯಿ ನಿರಾಕರಿಸಲಿಲ್ಲ, ಯಾರ ಹೆಂಡತಿಯೂ ನಿರಾಕರಿಸಲಿಲ್ಲ, ತಾನು ಕೇಳದೆ ಬರೆದೆ ಎಂದ. ಗಂಡಸರು ಹುಕ್ಕಾ ಎಳೆಯುತ್ತ ಕೇಳಿದರು.

"ಅದಕ್ಯಾಕಿಷ್ಟು ಬೇಜಾರು, ಮಾಡ್‌ಸಾಬ್? ಅವರು ಹಾಕಿದ್ರೂ ನಾವು ಹೇಳಿದ ಪೆಟ್ಟಿಗೇಗೇ ತಾನೇ ಹಾಕ್ತಿದ್ದದ್ದು," ಎಂದ ಕಲ್ಯಾಣಸಿಂಗ. ಎಲ್ಲರೂ ನಕ್ಕರು. ಅದೇ ನಗು. ಹಿಂದೆ ಅದಕ್ಕೆ ಹೆದರಿ ಓಡಿದ್ದ. ಈಗ ಅದು ಅವನನ್ನು ಕ್ಷಮಿಸುತ್ತಿತ್ತು, ತಮ್ಮವನೇ ಎಂದು ಪಕ್ಕದಲ್ಲಿ ಜಾಗ ಕೊಡುತ್ತಿತ್ತು. ಲಾದೂರಾಮ ಆ ಜಾಗದಲ್ಲಿ ಕೂರದೆ, ಬಿಚ್ಚದ ಪತ್ರಿಕೆ ಹಿಡಿದು ಕಟ್ಟೆ ಇಳಿದ.

ಪಟ್ಟಿ ಪರಿಷ್ಕರಣೆ ಬಂದಾಗ ಅವನೇ ಕೇಳಿ ಆ ಕೆಲಸ ಪಡೆದ. ಈ ಸಲ ಕಟ್ಟೆಗೆ ಹೋಗಲಿಲ್ಲ. ಗಂಡಸರು ಹೊಲಕ್ಕೆ ಹೋದ ಹೊತ್ತಿಗೆ, ಅವ್ವನನ್ನು ಜೊತೆಗೆ ಬಾ ಎಂದು ಕೇಳಿಕೊಂಡು, ಒಂದೊಂದೇ ಬಾಗಿಲಿಗೆ ನಿಂತ. ಪ್ರತಿ ಬಾಗಿಲಲ್ಲೂ ಮೊದಲು ಅದೇ ಮಾತು: ನೀವು ಹೆಸರು ಹೇಳಲಿಲ್ಲ ಎಂದು ನಾನು ಸುಳ್ಳು ಬರೆದಿದ್ದೆ. ಹತ್ತು ಮನೆಯಾದರೂ ಆ ಮಾತು ಸಲೀಸಾಗಲಿಲ್ಲ, ಐವತ್ತು ಆದರೂ ಆಗಲಿಲ್ಲ. ಕೆಲವರು ಬಾಗಿಲ ಸಂದಿಯಿಂದಲೇ ಹೆಸರು ಹೇಳಿದರು. ಒಬ್ಬಳಿಗೆ ನಗು ತಡೆಯಲಾಗಲಿಲ್ಲ; ತವರು ಬಿಟ್ಟ ಮೇಲೆ ಈ ಹೆಸರು ಬಾಯಿಗೆ ಬಂದೇ ಇಲ್ಲ ಎಂದು ಎರಡು ಸಲ ಹೇಳಿ ನೋಡಿಕೊಂಡಳು. ಸೋಸರ, ಅವನನ್ನು ಬಿಟ್ಟು ಅವನ ಅವ್ವನ ಕಾಲು ಮುಟ್ಟಿ, ಅವತ್ತು ಬಾಯಿಗೆ ಬಂದದ್ದು ಆಡಿಬಿಟ್ಟೆ ಕಾಕಿ ಎಂದು ಅತ್ತಳು. ಏಳು ಮನೆಗಳಲ್ಲಿ ಆ ಸಾಲಿನ ಹೆಂಗಸು ತೀರಿಹೋಗಿದ್ದಳು. ಅಲ್ಲೂ ಅವನು ಒಳಗಿದ್ದವರಿಗೆ ಹೇಳಬೇಕಾದ್ದನ್ನು ಹೇಳಿಯೇ ಮುಂದಕ್ಕೆ ಹೋದ.

ಕೊನೆಗೆ ಉಳಿದದ್ದು ನಂದಾನ ತಾಯಿ, ಕುಂಬಾರರ ವಿಧವೆ. ಅವಳ ಹೆಸರು ಧಾಪೂ ಎಂದು ಅವ್ವ ಹೇಳಿದ್ದಳು. ಹೆಣ್ಣು ಸಾಕು ಎಂದು ಇಟ್ಟ ಹೆಸರು ಅದು. ಧಾಪೂ ತಿಗರಿಯ ಮುಂದೆ ಕೂತು ಪೂರಾ ಕೇಳಿಸಿಕೊಂಡಳು.

"ನಾನು ಅವತ್ತು ಮೊಣಕಾಲು ಹಿಡ್ಕೊಂಡು ನಡೆದು ಬಂದಿದ್ದೆ. ವಾಪಸು ಬರುವಾಗ ದಾರಿಯೆಲ್ಲ ನನ್ನನ್ನೇ ಬೈಕೊಂಡೆ," ಎಂದಳು. "ನಿನಗೆ ನಾನು ಹೆಸರು ಹೇಳಲ್ಲ."

"ನನಗೆ ಗೊತ್ತಿದೆ ಮಾಂಜೀ, ನಾನೇ ಬರ್ಕೋತೀನಿ."

"ಬರೆದು ನೋಡು. ನಾನು ಹೇಳದೆ ಬರೆಯೋದು ಎರಡನೇ ಸಲ ಆಗುತ್ತೆ."

ಲೇಖನಿ ಎತ್ತಿದ್ದವನು ಇಳಿಸಿದ. ಮುಖಕ್ಕೆ ಹೊಡೆದ ಹಾಗಾಗಿತ್ತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದು ಆ ಬೆಳಿಗ್ಗೆಯಿಂದ ಒಳಗೊಳಗೇ ಅಂದುಕೊಳ್ಳುತ್ತಿದ್ದದ್ದು ಅವನಿಗೆ ಆಗಲೇ ತಿಳಿದದ್ದು. ಮಗನ ಪರವಾಗಿ ಒಂದು ಮಾತಾಡುತ್ತಾಳೇನೋ ಎಂದು ಅವ್ವನ ಕಡೆ ನೋಡಿದ. ಅವಳು ಈ ಸಲ ಅವನನ್ನು ಬಚಾವು ಮಾಡಲಿಲ್ಲ. ಬೇರೆ ಯಾರನ್ನಾದರೂ ಕಳಿಸು ಎಂದು ಹೇಳಿ ಧಾಪೂ ತಿಗರಿ ತಿರುಗಿಸಿದಳು.

ಅವನು ಹನ್ನೊಂದು ಮೈಲಿ ನಡೆದು ತಹಸೀಲಿಗೆ ಹೋಗಿ, ಒಬ್ಬ ಮುದುಕಿಗೋಸ್ಕರ ಬೇರೆ ಗುಮಾಸ್ತರು ಬೇಕು ಎಂದು ಕೇಳಿದ. ಅವರು ನಕ್ಕು ಕಳಿಸಿದರು. ಮತ್ತೆ ಹೋದ. ಮೂರನೆಯ ಸಲ ಹೋದಾಗ, ಹಳ್ಳಿಗಳಿಗೆ ಸೂಲಗಿತ್ತಿ ಕೆಲಸಕ್ಕೆ ಓಡಾಡುತ್ತಿದ್ದ ಸರ್ಕಾರಿ ನರ್ಸು ಆನಂದಕಂವರ್ ಎಂಬಾಕೆಗೆ ಹೆಸರು ಸೇರಿಸುವ ಅರ್ಜಿ ಕೊಟ್ಟು ಕಳಿಸಲು ಒಪ್ಪಿದರು. ಅವಳು ಕುಂಬಾರರ ಮನೆಯೊಳಗೆ ಹೋಗಿ ಕಾಲು ಗಂಟೆ ಕೂತಿದ್ದಳು. ಲಾದೂರಾಮ ಬೀದಿಯ ಆಚೆ ಬೇವಿನ ಕೆಳಗೆ ನಿಂತಿದ್ದ. ಒಳಗಿನಿಂದ ಇಬ್ಬರ ಮಾತೂ ಒಮ್ಮೆ ನಗುವೂ ಕೇಳಿಸಿದವು. ಹೊರಗೆ ಬಂದ ನರ್ಸು ಹಾಳೆಯನ್ನು ಅವನಿಗೆ ಕೊಡಲಿಲ್ಲ. ಮಡಿಚಿ ತನ್ನ ಚೀಲದಲ್ಲೇ ಇಟ್ಟುಕೊಂಡು, ನೇರ ಕಚೇರಿಗೇ ಕೊಡಬೇಕು ಅಂದಿದ್ದಾರೆ ಆ ಅಜ್ಜಿ ಎಂದು ಹೇಳಿ ತನ್ನ ದಾರಿ ಹಿಡಿದಳು.